ಉಪ್ಪು ತಿಂದ ಪಾಲಕ್

ನಾಳೆಯಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನು ಹೊತ್ತಿಗೆ ಮುಂಚೆ ಮಾಡಿದ. ಅದೇ ಅವನಿಗೆ ಮುಳುವಾಯಿತು.

ಅವನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಕಸುಬಿನಲ್ಲಿ ಟೈಲರ್. ಅಂಗಿ ಕೇಳಲು ಬಂದವರಿಗೆ "ನಾಳೆ ಬನ್ನಿ", ಪ್ಯಾಂಟು ಕೇಳಲು ಬಂದವರಿಗೆ "ನಾಳೆ ಖಂಡಿತ", ಜಗಳಕ್ಕೇ ಬಂದವರಿಗೆ "ಅದನ್ನೂ ನಾಳೆ ನೋಡೋಣ" ಎನ್ನುತ್ತಿದ್ದವನಿಗೆ ಬೀದಿಯೇ ಸೇರಿ ಇಟ್ಟ ಹೆಸರು ಅದು. ಮದುವೆಗೆಂದು ಕೋಟು ಹೊಲಿಯಲು ಕೊಟ್ಟವನೊಬ್ಬ ಮಗನನ್ನು ಶಾಲೆಗೆ ಸೇರಿಸುವ ದಿನ ಅದನ್ನು ತೊಟ್ಟುಕೊಂಡು ಹೋದನಂತೆ. ಇಂಥ ಮಹಾಶಯ, ಸಂಜೆ ಕೀಳಬೇಕಾದ ಪಾಲಕ್ ಗಿಡವನ್ನು ಬೆಳಿಗ್ಗೆ ಎದ್ದವನೇ ಬೇರುಸಮೇತ ಕಿತ್ತುಬಿಟ್ಟ ಎಂದರೆ ಅವನ ಉತ್ಸಾಹ ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

ಉತ್ಸಾಹಕ್ಕೆ ಕಾರಣವಿತ್ತು. ಅಂದು ಸಂಜೆ ಬೀದಿಯ ಕೊನೆಯ ಸಭಾಂಗಣದಲ್ಲಿ ತಾರಸಿ ತೋಟದ ಸಂಘದವರ ಸ್ಪರ್ಧೆ. ವರ್ಷಕ್ಕೊಂದು ಬೆಳೆ, ಈ ಸಲ ಪಾಲಕ್. ಗಿಡವನ್ನು ಬೇರುಸಮೇತ ತಂದು ಮೇಜಿನ ಮೇಲೆ ಇಡಬೇಕು. ತೀರ್ಪುಗಾರರು ಹಲ್ಲಿನ ಡಾಕ್ಟರಮ್ಮ. ಅವರು ಎಲೆಯ ದಂಟನ್ನು ಬೆರಳಲ್ಲಿ ಹಿಡಿದು ಮುರಿಯುತ್ತಾರೆ. ಟಕ್ ಎಂದರೆ ಬಹುಮಾನ, ಮುರಿಯದೆ ಬಾಗಿದರೆ ಮನೆಗೆ. ಕಳೆದ ಮೂರು ವರ್ಷವೂ ಮೊದಲ ಬಹುಮಾನ ಪಕ್ಕದ ಮನೆಯ ಬೇಕರಿಯವನ ಪಾಲಾಗಿತ್ತು. ನಾಳೆಯಪ್ಪನಿಗೆ ಪ್ರತಿ ಸಲ ಸಿಕ್ಕಿದ್ದು ಬೇಕರಿಯವನು ಸಮಾಧಾನಕ್ಕೆಂದು ಗೋಡೆ ಮೇಲಿಂದ ಚಾಚಿದ ಒಂದು ಬನ್ನು.

ಬನ್ನಿನ ಅವಮಾನ ಒಂದು ಕಡೆಯಾದರೆ ಹೆಂಡತಿಯ ಷರತ್ತು ಇನ್ನೊಂದು ಕಡೆ. ಅವಳದ್ದೂ ತಪ್ಪಲ್ಲ ಎನ್ನಿ. ಹೊಲಿಯುವ ಮುಂಚೆ ಬಟ್ಟೆಯನ್ನು ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಅಪ್ಪನ ಅಂಗಿ ಮಗನಿಗಾಗುತ್ತದೆ. ಆ ನೆನೆಸುವ ಒಣಗಿಸುವ ಕೆಲಸ ಅವಳದ್ದು. ಒಣಗಿಸಲು ತಾರಸಿಯಲ್ಲಿ ಜಾಗವೆಲ್ಲಿ? ಅಲ್ಲಿ ಗಂಡನ ಟಬ್ಬುಗಳು ಮಣ್ಣು ತುಂಬಿಕೊಂಡು ಬೀಗರ ಹಾಗೆ ಸಾಲಾಗಿ ಕೂತಿದ್ದವು. ಹಾಗಾಗಿ ಒದ್ದೆ ಬಟ್ಟೆಯೆಲ್ಲ ಮನೆಯೊಳಗೇ, ಕುರ್ಚಿ, ಬಾಗಿಲು, ಕಪಾಟಿನ ಮೇಲೆ. ಊಟಕ್ಕೆ ಕೂತರೆ ಮುಂದೆಂದೋ ಯಾರದ್ದೋ ಪ್ಯಾಂಟಾಗಬೇಕಿದ್ದ ಬಟ್ಟೆ ತಟ್ಟೆಗೆ ನೀರು ತೊಟ್ಟಿಕ್ಕುತ್ತಿತ್ತು.

"ಈ ಸಲ ಗೆದ್ರೆ ನಿಮ್ಮ ಟಬ್ಬುಗಳನ್ನ ನಾನು ಮುಟ್ಟಲ್ಲ, ಮಾತು ಕೊಟ್ಟಿದ್ದೀನಿ. ಸೋತ್ರೆ ನಾಳೆಯಿಂದ ತಾರಸಿ ನಂದು," ಎಂದಿದ್ದಳು ಹೆಂಡತಿ. "ನಾಳೆ ಅಂದ್ರೆ ನಿಮ್ಮ ನಾಳೆ ಅಲ್ಲ, ನಿಜವಾದ ನಾಳೆ."

"ನೀನೇ ಸಂಘದಲ್ಲಿದ್ದೀಯಲ್ಲೇ. ಡಾಕ್ಟರಮ್ಮನ ಕಿವೀಲಿ ಒಂದು ಮಾತು ಹಾಕಬಾರದಾ?"

"ನನಗೆ ಒಪ್ಪಿಸಿರೋದು ಬಹುಮಾನ ತರೋ ಕೆಲಸ. ಕೊಡೋ ಕೆಲಸ ಅಲ್ಲ."

"ಹೋಗಲಿ, ಏನು ತಂದಿದ್ದೀಯ, ಅದನ್ನಾದ್ರೂ ಹೇಳು."

"ಗೆದ್ದೋರಿಗೆ ಗೊತ್ತಾಗುತ್ತೆ."

ಅದಕ್ಕಿಂತ ಜಾಸ್ತಿ ಒಂದಕ್ಷರ ಅವಳ ಬಾಯಿಂದ ಹೊರಡಲಿಲ್ಲ. ವಾರದ ಕೆಳಗೆ ಅವನ ಅಳತೆ ಟೇಪು ತಾರಸಿಯ ಮೇಲೆ ಬಿದ್ದಿದ್ದನ್ನು ನೋಡಿ ಅವನ ಎದೆ ಧಸಕ್ಕೆಂದಿತ್ತು. ಬಟ್ಟೆ ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಬೇಕೆಂದು ಆಗಲೇ ಅಳೆದಾಗಿದೆ ಎಂದುಕೊಂಡ. ಅಂದಿನಿಂದ ಅವನು ಹೊಲಿಗೆ ಯಂತ್ರದ ಮುಂದೆ ಕೂತಿದ್ದಕ್ಕಿಂತ ಪಾಲಕ್ ಟಬ್ಬಿನ ಮುಂದೆ ಕೂತಿದ್ದೇ ಹೆಚ್ಚು.

ಗಿಡವಾದರೂ ಎಂಥದ್ದು! ಒಂದೊಂದು ಎಲೆಯೂ ಬೀಸಿಕೊಳ್ಳಲು ಬರುವಷ್ಟು ಅಗಲ. ದಂಟು ಬೆರಳು ಗಾತ್ರ. ಬೆಳಿಗ್ಗೆ ತಾರಸಿಗೆ ಹೋದವನು ಅದನ್ನು ನೋಡಿ ತಡೆದುಕೊಳ್ಳಲಾಗದೆ, "ಎಲ್ಲ ಕೆಲಸಾನೂ ನಾಳೆಗೆ ತಳ್ಳಿ ಹೆಸರು ಕೆಡಿಸಿಕೊಂಡಿದ್ದು ಸಾಕು. ಇದೊಂದನ್ನ ಮೊದಲೇ ಮುಗಿಸಿಬಿಡ್ತೀನಿ," ಎಂದು ಕಿತ್ತೇ ಬಿಟ್ಟ. ಕೆಳಗೆ ಅಂಗಡಿಗೆ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಟೇಪು ಹಿಡಿದು ಅಳೆದ. ಉದ್ದ ಬರೆದುಕೊಂಡ. ಅಭ್ಯಾಸಬಲದಿಂದ ಸೊಂಟದ ಸುತ್ತಳತೆಯನ್ನೂ ಬರೆದುಕೊಂಡ. ಗಿಡಕ್ಕೆ ಸೆಕೆಯಾಗಬಾರದೆಂದು ಫ್ಯಾನನ್ನು ಜೋರಾಗಿ ತಿರುಗಿಸಿದ. ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಕಾಯಲು ಇಟ್ಟು, ಹಾಡು ಗುನುಗುತ್ತ ಹೊಲಿಗೆಗೆ ಕೂತ.

ಒಂದು ಅಂಗಿಯ ಕಾಲರ್ ಮುಗಿಸಿ ತಲೆ ಎತ್ತಿ ನೋಡುತ್ತಾನೆ, ಪಾಲಕ್ ತಲೆ ಇಳಿಸಿದೆ! ಮೇಜಿನ ಅಂಚಿನಿಂದ ಎಲೆಗಳು ಕೆಳಗೆ ಜೋತು ಬಿದ್ದಿವೆ. ಫ್ಯಾನಿನ ಗಾಳಿ, ಇಸ್ತ್ರಿಯ ಕಾವು, ಎರಡೂ ಸೇರಿ ಎಲೆಯ ನೀರನ್ನೆಲ್ಲ ಹೀರಿದ್ದವು.

"ಅಯ್ಯಯ್ಯೋ! ಏಳಪ್ಪಾ, ಏಳು ರಾಜ!" ಎಂದು ಗಲ್ಲ ಸವರಿದ. ಪಾಲಕ್ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ.

ಎದೆಗವಚಿಕೊಂಡು ಹಿತ್ತಲಿಗೆ ಓಡಿದ. ದೇವರು ದೊಡ್ಡವನು! ಕಲ್ಲಿನ ಮೇಲೆ ಬಕೆಟ್ ತುಂಬ ನೀರು, ಕನ್ನಡಿಯಂತೆ ತಿಳಿಯಾಗಿ, ಅವನಿಗೆಂದೇ ಕಾದಿಟ್ಟ ಹಾಗಿತ್ತು. ಗಿಡವನ್ನು ಬುಡದಿಂದ ತುದಿಯವರೆಗೆ ಮುಳುಗಿಸಿದ. "ಕುಡಿ, ಹೊಟ್ಟೆ ತುಂಬ ಕುಡಿ. ಸಂಜೆ ಹೊತ್ತಿಗೆ ಸರಿಹೋಗ್ತೀಯ," ಎಂದು ಹೇಳಿ ಬಕೆಟನ್ನೇ ಎತ್ತಿಕೊಂಡು ಅಂಗಡಿಗೆ ತಂದು ಕಣ್ಣೆದುರಿಗೆ ಇಟ್ಟುಕೊಂಡ.

ಆ ನೀರು ಅವನಿಗೆಂದು ಕಾದಿಟ್ಟಿದ್ದಲ್ಲ. ಬ್ಯಾಂಡ್ ತಂಡದವರು ಅಂಗಿ ಹೊಲಿಯಲು ಕೆಂಪು ಬಟ್ಟೆ ಕೊಟ್ಟಿದ್ದರು. ಕೆಂಪು ಬಣ್ಣ ಬಿಡಬಾರದೆಂದು ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸುವುದು ಹೆಂಡತಿಯ ಪದ್ಧತಿ. ಬಕೆಟ್ಟಿಗೆ ಉಪ್ಪನ್ನು ಬೊಗಸೆ ಬೊಗಸೆ ಸುರಿದು, ಕದಡಿ, ಕರಗಲೆಂದು ಬಿಟ್ಟು, ಸಭಾಂಗಣದಲ್ಲಿ ಕುರ್ಚಿ ಹಾಕಿಸಲು ಹೋಗಿದ್ದಳು. ಮದುವೆಯಾದಂದಿನಿಂದ ಅದೇ ಹಿತ್ತಲಿನಲ್ಲಿ ಅದೇ ಬಕೆಟನ್ನು ನೋಡುತ್ತ ಬಂದ ಟೈಲರನಿಗೆ ಅಷ್ಟು ಹೊಳೆಯಬಾರದೇ? ಹೊಳೆಯಲಿಲ್ಲ. ಅವಸರಕ್ಕೆ ಕಣ್ಣಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಔಷಧಿ ಅಂಗಡಿಯವನು ತನ್ನ ಪ್ಯಾಂಟು ಕೇಳಲು ಬಂದ. ಅವನು ಪ್ರತಿ ದಿನವೂ ಬರುತ್ತಿದ್ದ. ಬಂದವನು "ಪ್ಯಾಂಟು..." ಎನ್ನುವಷ್ಟರಲ್ಲಿ ಬಕೆಟ್ ಕಂಡಿತು.

"ಏನಯ್ಯಾ ಇದು? ಸೊಪ್ಪು ಬೇಯಿಸಿಟ್ಟಿದ್ದೀಯ?"

ನಾಳೆಯಪ್ಪ ಬಗ್ಗಿ ನೋಡಿದ. ನೀರಿನಲ್ಲಿದ್ದೂ ಗಿಡ ಚೇತರಿಸಿಕೊಳ್ಳುವುದಿರಲಿ, ಇದ್ದಬದ್ದ ಬಿಗಿಯೂ ಹೋಗಿ ಹಿಂಡಿಟ್ಟ ಕರ್ಚೀಫಿನ ಹಾಗಾಗಿತ್ತು.

"ನೀರಲ್ಲೇ ಇಟ್ಟಿದ್ದೀನಿ ಕಣಯ್ಯಾ! ಮುಳುಗಿಸಿ ಇಟ್ಟಿದ್ದೀನಿ! ನೀರಲ್ಲಿದ್ದು ಬಾಡೋದು ಅಂದ್ರೇನು?"

"ಬರೀ ನೀರು ಸಾಲಲ್ಲ," ಎಂದ ಔಷಧಿ ಅಂಗಡಿಯವನು, ಮನೆಮನೆಗೆ ಬರುವ ವೈದ್ಯರ ಗತ್ತಿನಲ್ಲಿ ಎಲೆಯ ನಾಡಿ ಹಿಡಿದು. "ಶಕ್ತಿ ಇಳಿದುಹೋಗಿದೆ. ಸುಸ್ತಾಗಿ ಬಿದ್ದ ಮನುಷ್ಯನಿಗೆ ಏನು ಕೊಡ್ತೀವಿ? ಗ್ಲೂಕೋಸು! ಒಂದು ನಿಮಿಷ ಇರು, ತಂದೆ."

ತಂದೇ ಬಿಟ್ಟ. ಒಂದು ಡಬ್ಬಿ ಪೂರ್ತಿ ಸುರಿದು ಹೊಲಿಗೆಯ ಮರದ ಸ್ಕೇಲಿನಲ್ಲಿ ಗರಗರ ಕಲಕಿದ. ಇಬ್ಬರೂ ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಕಣ್ಣು ಬಿಡ್ತಾ?"

"ಇಲ್ಲ."

"ಈಗ?"

"ಇನ್ನೂ ಮುದುಡ್ಕೊಳ್ತಿದೆ ಕಣೋ, ಪಾಪಿ!"

ಗಲಾಟೆ ಕೇಳಿ ಬಾಗಿಲಲ್ಲಿ ಬೇಕರಿಯವನ ಹೊಟ್ಟೆ ಕಾಣಿಸಿತು. ಹಿಂದಿನಿಂದ ಬೇಕರಿಯವನೂ ಬಂದ. ಬಕೆಟ್ಟಿಗೆ ಇಣುಕಿದೊಡನೆ ಅವನ ಮುಖ ಒಲೆಯಲ್ಲಿಟ್ಟ ಹಿಟ್ಟಿನಂತೆ ಉಬ್ಬುತ್ತ ಬಂತು.

"ಅಯ್ಯೋ ಪಾಪ! ಹೀಗಾಗಬಾರದಿತ್ತು!" ಎಂದ, ನಗು ತಡೆಯಲು ಮೀಸೆ ಕಚ್ಚಿಕೊಂಡು. "ಇರಲಿ ಬಿಡಿ, ಬೇಜಾರು ಮಾಡ್ಕೋಬೇಡಿ. ಬನ್ನು ಈ ಸಲ ಬೆಣ್ಣೆ ಹಾಕಿದ್ದು ಕೊಡ್ತೀನಿ." ಹೊರಗೆ ಹೋಗಿ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಾಳೆಯಪ್ಪನ ಪಾಲಕ್ ಹೋಗಿಬಿಡ್ತು! ಕೊನೇ ಸಲ ನೋಡೋರು ಹೋಗಿ ನೋಡ್ಕೊಂಡು ಬನ್ನಿ," ಎಂದು ಸಾರಿ, ಮಜಾ ನೋಡಲು ತಾನೂ ಬಾಗಿಲಿಗೆ ವಾಪಸು ಬಂದು ನಿಂತ.

ನಮ್ಮ ಬೀದಿಯವರಿಗೆ ಇಂಥದ್ದಕ್ಕೆ ಎರಡನೇ ಸಲ ಕರೆಯಬೇಕಿಲ್ಲ. ನೋಡನೋಡುತ್ತಿದ್ದಂತೆ ಅಂಗಡಿ ತುಂಬಿತು. ಒಬ್ಬರು ಗಿಡಕ್ಕೆ ಬಿಸಿಲು ಬೇಕೆಂದರು, ಇನ್ನೊಬ್ಬರು ನೆರಳು ಬೇಕೆಂದರು, ಮೂರನೆಯವರು ತಮ್ಮ ಅಂಗಿ ಎಲ್ಲಿಗೆ ಬಂತೆಂದು ಕೇಳಿದರು. ಆ ಗುಂಪನ್ನು ಸೀಳಿಕೊಂಡು ಎದುರುಮನೆಯ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಕೇಳುವವರಿಲ್ಲದೆ ಪಾಠವೆಲ್ಲ ಒಳಗೇ ಉಳಿದು ಅವರಿಗೆ ಒಂಥರಾ ಹೊಟ್ಟೆಯುಬ್ಬರವಾಗಿತ್ತು.

ಮೇಷ್ಟ್ರು ಬಕೆಟ್ ನೋಡಿದರು. ಅವರ ಕಣ್ಣು ಮಿನುಗಿದವು.

"ನೀರಲ್ಲಿದ್ದೂ ಬಾಡ್ತಿದೆ! ಆಹಾ!" ಎಂದರು.

"ಆಹಾ ಅನ್ನೋಕೆ ಏನಿದೆ ಸಾರ್ ಇದರಲ್ಲಿ?" ನಾಳೆಯಪ್ಪನಿಗೆ ಅಳು ಬಂದಿತ್ತು.

"ಈ ನೀರು ರುಚಿ ನೋಡಿದ್ರಾ?"

ನಾಳೆಯಪ್ಪ ಬೆರಳದ್ದಿ ನಾಲಿಗೆಗಿಟ್ಟ. ಮುಖ ಕಿವುಚಿತು. "ಸಿಹಿ... ಅಲ್ಲ, ಉಪ್ಪು... ಥೂ! ಸಮುದ್ರ ಇದು!"

ಅದೇ ಹೊತ್ತಿಗೆ ಸಭಾಂಗಣದಿಂದ ಹೆಂಡತಿ ಬಂದಳು. ಹಿತ್ತಲಿನಿಂದ ಅವಳ ದನಿ ಗುಂಪನ್ನೆಲ್ಲ ದಾಟಿ ಬಂತು. "ರೀ! ನನ್ನ ಉಪ್ಪು ನೀರಿನ ಬಕೆಟ್ ಎಲ್ಲಿ ಹೋಯ್ತು?"

ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದಿದ್ದವರು ಇಬ್ಬರೇ, ನಾಳೆಯಪ್ಪ ಮತ್ತು ಮೇಷ್ಟ್ರು. ಮೇಷ್ಟ್ರು ಆಗಲೇ ಗೋಡೆಗೆ ಒರಗಿಸಿದ್ದ, ಬಟ್ಟೆ ಸುತ್ತುವ ಹಲಗೆ ಎತ್ತಿಕೊಂಡು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹುಡುಕುತ್ತಿದ್ದರು.

"ಗಿಡ ಬದುಕಿಸೋ ದಾರಿ ಹೇಳಿ ಸಾರ್, ಪಾಠ ಆಮೇಲಾಗಲಿ! ಸಂಜೆಗೆ ಸ್ಪರ್ಧೆ, ಇಲ್ಲಾಂದ್ರೆ ನನ್ನ ತಾರಸಿ ಹೋಗುತ್ತೆ!"

"ಕಾರಣ ತಿಳಿಯದೆ ಪರಿಹಾರ ಹೇಳಿ ನನಗೆ ಅಭ್ಯಾಸ ಇಲ್ಲ," ಎಂದು ಮೇಷ್ಟ್ರು ಹಲಗೆಯ ಮೇಲೆ ಒಂದು ದುಂಡಗಿನ ಚೀಲ ಬರೆದರು. "ಇದು ಜೀವಕೋಶ. ಎಲೆ ಅಂದ್ರೆ ಇಂಥ ಲಕ್ಷಾಂತರ ಪುಟ್ಟ ಚೀಲ. ಒಳಗೆ ನೀರು, ನೀರಲ್ಲಿ ಒಂದಿಷ್ಟು ಉಪ್ಪು ಸಕ್ಕರೆ. ಸುತ್ತ ಒಂದು ತೆಳು ಪೊರೆ. ಬಿಗಿ ನೇಯ್ಗೆ ಬಟ್ಟೆ ಅಂತ ಇಟ್ಕೊಳ್ಳಿ. ನೀರು ಆ ಕಡೆ ಈ ಕಡೆ ಓಡಾಡುತ್ತೆ, ಉಪ್ಪಿಗೆ ಅಷ್ಟು ಸಲೀಸಲ್ಲ. ಈಗ ಕೇಳಿ. ನೀರು ಯಾವಾಗಲೂ ಉಪ್ಪು ಜಾಸ್ತಿ ಇರೋ ಕಡೆಗೇ ನುಗ್ಗುತ್ತೆ! ಇದಕ್ಕೆ ಅಭಿಸರಣೆ ಅಂತ ಹೆಸರು. ಪುಸ್ತಕ ಬೇಡ, ಗಾದೆ ಕೇಳಿಲ್ವಾ? ಉಪ್ಪು ತಿಂದೋನು ನೀರು ಕುಡೀಲೇಬೇಕು!"

ಬಾಗಿಲಲ್ಲಿ ನಿಂತಿದ್ದ ಬೇಕರಿಯವನ ಕಿವಿ ನೆಟ್ಟಗಾಯಿತು. ಉಪ್ಪು ತಿಂದರೆ ನೀರು ಕುಡಿಯುತ್ತದೆ! ನಾಳೆಯಪ್ಪನ ಗಿಡ ಕೆಟ್ಟಿದ್ದು ಅಲ್ಲಿ ಬಿದ್ದಿರುವ ಗ್ಲೂಕೋಸು ಡಬ್ಬಿಯಿಂದಲೇ ಇರಬೇಕು! ತನ್ನ ಪಾಲಕ್ಕಿಗೂ ಒಂದಿಷ್ಟು ಉಪ್ಪು ತಿನ್ನಿಸಿದರೆ ಸಂಜೆಯೊಳಗೆ ಎಷ್ಟು ನೀರು ಕುಡಿದು ಎಷ್ಟು ಉಬ್ಬಬಹುದು! ಅವನು ಮೆಲ್ಲಗೆ ಹಿಂದೆ ಸರಿದು ಮನೆಗೆ ಓಟ ಕಿತ್ತ. ಪಾಠದ ಮಧ್ಯೆ ಎದ್ದು ಹೋಗುವವರ ಗತಿ ಏನೆಂದು ಮೇಷ್ಟ್ರು ಮೂವತ್ತು ವರ್ಷ ಹೇಳಿದ್ದರು. ಬೇಕರಿಯವನು ಆ ಹೈಸ್ಕೂಲಿನವನಲ್ಲ.

"ಇಲ್ಲಿ ಉಪ್ಪು ತಿಂದಿರೋದು ಯಾರು?" ಮೇಷ್ಟ್ರು ಮುಂದುವರಿಸಿದರು. "ಪಾಲಕ್ಕಾ? ಅಲ್ಲ, ಬಕೆಟ್ಟು! ಅದಕ್ಕೇ ಬಕೆಟ್ಟು ಪಾಲಕ್ಕಿನ ನೀರು ಕುಡೀತಿದೆ. ಅದು ಸಾಲದು ಅಂತ ಈ ಮಹಾನುಭಾವರು ಸಕ್ಕರೆ ಬೇರೆ ತಿನ್ನಿಸಿದ್ದಾರೆ."

ಔಷಧಿ ಅಂಗಡಿಯವನಿಗೆ ಮರ್ಯಾದೆಯ ಪ್ರಶ್ನೆಯಾಯಿತು. "ಹಾಗಾದ್ರೆ ನಾವು ರೋಗಿಗೆ ಸಲೈನ್ ಹಾಕಲ್ವಾ? ಅದೂ ಉಪ್ಪು ನೀರೇ ತಾನೇ?"

"ಅದು ಅಳೆದು ಹಾಕಿರೋ ಉಪ್ಪು! ನಮ್ಮ ರಕ್ತದ ಕಣದ ಒಳಗೆ ಎಷ್ಟೋ ಹೊರಗೂ ಅಷ್ಟೇ. ಹೋಗೋ ನೀರು, ಬರೋ ನೀರು ಎರಡೂ ಸಮ, ಕಣ ಇದ್ದ ಹಾಗೇ ಇರುತ್ತೆ. ಅದರ ಬದಲು ಬರೀ ನೀರು ಏರಿಸಿಬಿಟ್ರೆ? ನೀರು ಒಳಗೆ ನುಗ್ಗಿ ನುಗ್ಗಿ ಕಣ ಉಬ್ಬಿ ಢಂ ಅಂತ ಒಡೆದೇ ಹೋಗುತ್ತೆ!"

ನಾಳೆಯಪ್ಪ ಹೌಹಾರಿದ. "ಮತ್ತೆ ನನ್ನ ಪಾಲಕ್ಕನ್ನ ಬರೀ ನೀರಲ್ಲಿಟ್ರೆ ಅದೂ ಒಡೆಯುತ್ತಾ ಸಾರ್?"

"ಅದೇ ಚಮತ್ಕಾರ! ಗಿಡದ ಕೋಶಕ್ಕೆ ಪೊರೆ ಮೇಲೊಂದು ಗಟ್ಟಿ ಕೋಟಿದೆ. ಕೋಶಭಿತ್ತಿ ಅಂತ. ಒಳಗೆ ಎಷ್ಟೇ ನೀರು ತುಂಬಿದ್ರೂ ಆ ಕೋಟು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಹೊಟ್ಟೆ ತುಂಬಿದ ಕೋಶ, ಬಿಗಿ ಕೋಟು. ಅದಕ್ಕೇ ಎಲೆ ನೆಟ್ಟಗೆ ನಿಲ್ಲೋದು, ದಂಟು ಟಕ್ ಅಂತ ಮುರಿಯೋದು!"

"ಹೊಲಿಗೆ ಬಿಡಲ್ವಾ?" ಟೈಲರ್ ನಂಬಲಿಲ್ಲ. "ಯಾರು ಹೊಲಿದಿದ್ದು ಅದನ್ನ?"

"ನೀನಂತೂ ಅಲ್ಲ," ಎಂದ ಔಷಧಿ ಅಂಗಡಿಯವನು. "ಕೋಶಕ್ಕೆ ಬೇಕಾದಾಗಲೇ ಕೋಟು ಸಿಕ್ಕಿದೆ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಕೊನೆಗೂ, ದಾರಿ ಹೇಳಿದರು. ಈ ಪಾನಕ ಚೆಲ್ಲಿ, ಎಲೆಯನ್ನು ಚೆನ್ನಾಗಿ ತೊಳೆದು, ಬೇರಿನ ತುದಿ ಕತ್ತರಿಸಿ, ತಣ್ಣನೆಯ ಸಾದಾ ನೀರಿನಲ್ಲಿಡಬೇಕು. ಕೋಶಗಳು ಇನ್ನೂ ಸತ್ತಿಲ್ಲವಾದರೆ ನೀರು ಒಳಗೆ ಹೋಗುತ್ತದೆ, ಗಿಡ ಏಳುತ್ತದೆ. "ಸತ್ತಿದ್ರೆ?" ಎಂದು ಯಾರೋ ಕೇಳಿದರು. ಆ ಮನುಷ್ಯನನ್ನು ಎಲ್ಲರೂ ದುರುಗುಟ್ಟಿ ನೋಡಿದರು.

ನಾಳೆಯಪ್ಪ ಹಿತ್ತಲಿಗೆ ಹಾರಿ ನಲ್ಲಿ ತಿರುಗಿಸಿದ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೀರು ನಿಂತಿತ್ತು!

"ನೀರು! ಯಾರ ಮನೇಲಿದೆ ನೀರು?" ಎಂದು ಕೂಗಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮನೆಯ ನಲ್ಲಿಯೂ ಒಂದೇ ಕೊಳವೆಯದ್ದು. ಇನ್ನು ಉಳಿದಿದ್ದು ಅಡುಗೆಮನೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನು. ಅದನ್ನು ಮುಟ್ಟಿದರೆ ಹೆಂಡತಿ ಸುಮ್ಮನೆ ಬಿಡುವವಳಲ್ಲ. ಟೈಲರ್ ಅವಳ ಕಡೆ ನೋಡಿದ, ತೊಟ್ಟಿಲ ಕೂಸು ಹಾಲಿನ ಕಡೆ ನೋಡುವಂತೆ.

ಅವಳು ಗಡಿಯಾರ ನೋಡಿದಳು. ಗಿಡ ನೋಡಿದಳು. ಏನೋ ಯೋಚಿಸಿದಳು. ಆಮೇಲೆ ತಾನೇ ಒಳಗೆ ಹೋಗಿ ಕ್ಯಾನನ್ನು ಸೊಂಟದ ಮೇಲೆ ಹೊತ್ತು ತಂದು ಅವನ ಮುಂದೆ ಇಟ್ಟಳು.

"ಹಾಕಿ. ನಾವೇನು ಬಾಯಾರಿ ಸತ್ತುಹೋಗಲ್ಲ. ಗೆಲ್ಲಲೇಬೇಕು ನೀವು ಇವತ್ತು."

ನಾಳೆಯಪ್ಪ ಎರಡೂ ಕೈ ಮುಗಿದ. ಇಂಥ ಹೆಂಡತಿಯನ್ನು ತಾನು ತಪ್ಪು ತಿಳಿದೆನಲ್ಲ! ಟಬ್ಬುಗಳ ಮೇಲೆ ಅವಳಿಗೆ ಹಗೆ ಎಂದುಕೊಂಡೆನಲ್ಲ! "ನೀನು ದೇವತೆ ಕಣೇ," ಎಂದ ಎಲ್ಲರೆದುರಿಗೂ. ಬೀದಿಯ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ ನೋಡಿದರು.

ಗಿಡವನ್ನು ಕೂಸಿಗೆ ಸ್ನಾನ ಮಾಡಿಸುವಂತೆ ತೊಳೆದರು. ಉಳಿದ ನೀರನ್ನು ತೊಳೆದ ಬಕೆಟ್ಟಿಗೆ ಸುರಿದು ಅದರಲ್ಲಿ ಬಿಟ್ಟರು. ಫ್ಯಾನು ಆರಿಸಿದರು. ಇಸ್ತ್ರಿ ಪೆಟ್ಟಿಗೆಯನ್ನು ಔಷಧಿ ಅಂಗಡಿಯವನು ಪಶ್ಚಾತ್ತಾಪಕ್ಕೆಂದು ಹೊರಗೆ ಒಯ್ದು ಹಿಡಿದುಕೊಂಡು ನಿಂತ. ಆಮೇಲೆ ಮಾಡುವುದೇನೂ ಇರಲಿಲ್ಲ. ಎಲ್ಲರೂ ಬಕೆಟ್ ಸುತ್ತ ಕಾದರು.

ಮೊದಲಿಗೆ ಏನೂ ಇಲ್ಲ. ಯಾರೋ ಸೀನಿದರು, ಇಡೀ ಗುಂಪು "ಶ್" ಎಂದಿತು. ಇನ್ನೂ ಏನೂ ಇಲ್ಲ. ನಾಳೆಯಪ್ಪ ಉಗುರು ಕಚ್ಚಿ ಮುಗಿಸಿ ಟೇಪಿನ ತುದಿ ಕಚ್ಚತೊಡಗಿದ. ಆಗ ನಡುವಿನ ಒಂದು ಚಿಕ್ಕ ಎಲೆ, ಇರುವುದರಲ್ಲೇ ಪುಟ್ಟದು, ಅಂಚನ್ನು ಒಂದು ಎಳೆಯಷ್ಟು ಮೇಲೆತ್ತಿತು.

"ಎದ್ದಿತು!" ಎಂದು ಮೇಷ್ಟ್ರು ಕಿರುಚಿದರು. "ಎದ್ದಿತು! ನೀರು ಒಳಗೆ ಹೋಗ್ತಿದೆ!"

"ಎಲ್ಲಿ? ಎಲ್ಲಿ?"

"ಅಗೋ, ಇನ್ನೊಂದು!"

"ದೊಡ್ಡದೂ ಅಲ್ಲಾಡ್ತು! ನಾನು ನೋಡ್ದೆ, ನನ್ನಾಣೆ!"

ಪಂದ್ಯ ನೋಡುವವರು ಕೂಡ ಅಷ್ಟು ಕೂಗಲಿಕ್ಕಿಲ್ಲ. ಒಂದೊಂದು ಎಲೆ ಏಳುವಾಗಲೂ ಚಪ್ಪಾಳೆ, ಸಿಳ್ಳೆ. ಬೆಳಿಗ್ಗೆ ಬಿಸಿಲು ಬೇಕೆಂದವರು ನೆರಳು ಬೇಕೆಂದವರನ್ನು ಅಪ್ಪಿಕೊಂಡರು. ಕೊನೆಯ ಎಲೆ, ಎಲ್ಲಕ್ಕಿಂತ ಅಗಲದ್ದು, ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಬೀದಿಯೆಲ್ಲ ಒಂದೇ ದನಿಯಲ್ಲಿ "ಏಳು! ಏಳು! ಏಳು!" ಎಂದಿತು. ಅದೂ ನಿಧಾನವಾಗಿ, ಸಾಹೇಬರ ಗತ್ತಿನಲ್ಲಿ, ನೆಟ್ಟಗಾಯಿತು. ನಾಳೆಯಪ್ಪ ಔಷಧಿ ಅಂಗಡಿಯವನನ್ನು ತಬ್ಬಿಕೊಂಡು ಕುಣಿದ. ಆ ಕುಣಿತದ ರಭಸಕ್ಕೆ, "ನಿನ್ನ ಪ್ಯಾಂಟು ಇವತ್ತೇ ಕೊಡ್ತೀನಿ ಕಣೋ!" ಎಂದೂ ಅಂದುಬಿಟ್ಟ. ಔಷಧಿ ಅಂಗಡಿಯವನು ತಲೆ ತಿರುಗಿದಂತಾಗಿ ಕೂತುಕೊಂಡ.

ಸಂಜೆ ಮೆರವಣಿಗೆಯಲ್ಲೇ ಬಕೆಟ್ ಸಭಾಂಗಣಕ್ಕೆ ಹೋಯಿತು. ಮೇಜಿನ ಮೇಲೆ ಗಿಡಗಳ ಸಾಲು. ವೇದಿಕೆಯ ಮೇಲೆ, ಪರದೆ ಬಟ್ಟೆ ಹೊದಿಸಿದ ಬಹುಮಾನ. ಉದ್ದಕ್ಕೆ, ಎತ್ತರಕ್ಕೆ, ಒಬ್ಬಿಬ್ಬರಿಂದ ಎತ್ತಲಾಗದಂಥದ್ದು. ಹೊಸ ಹೊಲಿಗೆ ಯಂತ್ರವೇ, ಮಂಚವೇ ಎಂದು ನಾಳೆಯಪ್ಪನ ಮನಸ್ಸು ಗರಿಗೆದರಿತು.

ಬೇಕರಿಯವನು ಎಲ್ಲರಿಗಿಂತ ಕೊನೆಯಲ್ಲಿ ಬಂದ. ಕೇಕಿನ ದೊಡ್ಡ ಡಬ್ಬಿಯಲ್ಲಿ ಗಿಡ, ಮುಖದಲ್ಲಿ ನಾಲ್ಕನೆಯ ವರ್ಷವೂ ಗೆದ್ದವನ ಕಳೆ. ಡಾಕ್ಟರಮ್ಮನ ಮುಂದೆ ಡಬ್ಬಿಯ ಮುಚ್ಚಳವನ್ನು ಠೀವಿಯಿಂದ ತೆಗೆದ. ಡಾಕ್ಟರಮ್ಮ ಎರಡು ಬೆರಳಲ್ಲಿ ಗಿಡವನ್ನು ಎತ್ತಿದರು. ಅದು ಒದ್ದೆ ಕಾಲ್ಚೀಲದಂತೆ ನೇತಾಡಿತು.

"ಏನ್ರೀ ಇದು?"

"ಅಯ್ಯೋ! ಉಪ್ಪು ಕೊಟ್ಟಿದ್ದೆನಲ್ಲ!" ಬೇಕರಿಯವನು ತಲೆ ಮೇಲೆ ಕೈ ಹೊತ್ತ. "ಈ ಡಬ್ಬಿ ತುಂಬ ಉಪ್ಪು ನೀರು ಮಾಡಿ ಗಿಡ ಮುಳುಗಿಸಿ ಆಗಲೇ ಮುಚ್ಚಳ ಹಾಕಿಟ್ಟಿದ್ದೆ! ಉಪ್ಪು ತಿಂದೋನು ನೀರು ಕುಡೀಬೇಕು ಅಂದ್ರಲ್ಲ ಮೇಷ್ಟ್ರು!"

"ಪಾಠ ಅರ್ಧ ಕೇಳಿದ್ರೆ ಹೀಗೇ ಆಗೋದು!" ಮೇಷ್ಟ್ರು ಖುಷಿಯಿಂದ ಕೂತಲ್ಲೇ ಚಪ್ಪಾಳೆ ತಟ್ಟಿದರು. "ನೋಡಿ, ಎಲ್ಲರೂ ಹತ್ತಿರ ಬಂದು ನೋಡಿ! ಅದೇ ಗಿಡ, ಬೇರೆ ನೀರು!"

ಡಾಕ್ಟರಮ್ಮ ನಾಳೆಯಪ್ಪನ ಮೇಜಿಗೆ ಬಂದರು. ಕನ್ನಡಕ ಏರಿಸಿಕೊಂಡು, "ಸ್ವಲ್ಪ ನೋವಾಗಬಹುದು," ಎಂದು ಅಭ್ಯಾಸಬಲದಿಂದ ಹೇಳಿ ದಂಟು ಹಿಡಿದರು.

ಟಕ್!

ಆ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು. ಮುಂದಿನದ್ದು ನಾಳೆಯಪ್ಪನಿಗೆ ಸರಿಯಾಗಿ ನೆನಪಿಲ್ಲ. ಯಾರೋ ಎತ್ತಿದರು, ಯಾರೋ ಇಳಿಸಿದರು, ಯಾರೋ ಬೆನ್ನಿಗೆ ಗುದ್ದಿದರು. ಗೆದ್ದೆ! ತಾರಸಿ ಉಳಿಯಿತು! ಟಬ್ಬುಗಳು ಉಳಿದವು! ವೇದಿಕೆ ಹತ್ತಿ ನಿಂತಾಗ ಕಣ್ಣಲ್ಲಿ ನೀರು ಧಾರಾಕಾರ.

"ಬಹುಮಾನವನ್ನ ತಂದೋರೇ ತೆರೀಲಿ," ಎಂದರು ಡಾಕ್ಟರಮ್ಮ. ಹೆಂಡತಿ ಮುಂದೆ ಬಂದು ಪರದೆಯ ಬಟ್ಟೆಯನ್ನು ಸರ್ರನೆ ಎಳೆದಳು.

ಬಟ್ಟೆ ಒಣಹಾಕುವ ಸ್ಟ್ಯಾಂಡು. ಅಂಥಿಂಥದ್ದಲ್ಲ, ಕಬ್ಬಿಣದ ಕಾಲು, ಸಾಲು ಸಾಲು ಸರಳು, ಇಡೀ ಬ್ಯಾಂಡ್ ತಂಡವನ್ನೇ ನೇತು ಹಾಕಬಹುದಾದಂಥದ್ದು. ಜನ "ಓಹೋ!" ಎಂದರು. ನಾಳೆಯಪ್ಪನೂ "ಓಹೋ" ಎಂದ. ಅವನ ದನಿ ಬೇರೆ ಥರ ಇತ್ತು.

ನಾಲ್ಕು ಜನ ಹೊತ್ತು ತಂದು ತಾರಸಿಯ ಮೇಲೆ ನಿಲ್ಲಿಸಿದರು. ಹೇಳಿ ಮಾಡಿಸಿದಂತೆ ಕೂತಿತು. ಹೇಳಿಯೇ ಮಾಡಿಸಿದ್ದು ಎಂದು ಅವನಿಗೆ ಆಗ ಹೊಳೆಯಿತು. ಅಳತೆ ಟೇಪು ತಾರಸಿಗೆ ಬಂದದ್ದು ಹಗ್ಗಕ್ಕಲ್ಲ. ಸ್ಟ್ಯಾಂಡಿನ ಕಾಲುಗಳು ಟಬ್ಬುಗಳ ಸಾಲಿನ ಆಚೆಗೆ ಈಚೆಗೆ ಊರಿಕೊಂಡು, ಸರಳುಗಳು ಸರಿಯಾಗಿ ಟಬ್ಬುಗಳ ನೆತ್ತಿಯ ಮೇಲೆ ಬಂದಿದ್ದವು.

"ಅಂದ್ರೆ... ನಾನು ಸೋತಿದ್ರೆ?" ಎಂದು ಕೇಳಿದ.

"ಟಬ್ಬುಗಳು ಹೋಗ್ತಿದ್ವು. ಸ್ಟ್ಯಾಂಡು ಇನ್ಯಾರದ್ದೋ ಆಗ್ತಿತ್ತು, ನಾನು ಹಗ್ಗ ಕಟ್ಕೊಂಡು ಒದ್ದಾಡಬೇಕಿತ್ತು," ಎಂದಳು ಹೆಂಡತಿ. "ಅದಕ್ಕೇ ಅಲ್ವಾ ಕುಡಿಯೋ ನೀರು ಕೊಟ್ಟಿದ್ದು. ಮಾತಂದ್ರೆ ಮಾತು. ನಿಮ್ಮ ಟಬ್ಬುಗಳನ್ನ ನಾನು ಬೆರಳಿನಿಂದಾದ್ರೂ ಮುಟ್ಟಿದ್ದೀನಾ, ನೋಡಿ."

ಮುಟ್ಟಿರಲಿಲ್ಲ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದಿತ್ತು. ಅವಳು ಕೆಳಗೆ ಹೋಗಿ ಹೊಸದಾಗಿ ಉಪ್ಪು ಕದಡಿ, ಬ್ಯಾಂಡಿನವರ ಕೆಂಪು ಬಟ್ಟೆಯನ್ನು ಅದ್ದಿ ನೆನೆಸಿ, ಹಿಂಡಿಯೂ ಹಿಂಡದ ಹಾಗೆ ಬುಟ್ಟಿಯಲ್ಲಿ ಹೊತ್ತು ತಂದು, ಹೊಸ ಸರಳಿನ ಮೇಲೆ ಉದ್ದಕ್ಕೆ ಹರವಿದಳು. ಬಟ್ಟೆಯ ಅಂಚಿನಲ್ಲಿ ಹನಿ ಕೂಡಿತು, ತೂಗಿತು, ಕೆಳಗಿನ ಟಬ್ಬಿನ ಎಳೆ ಪಾಲಕ್ಕಿನ ಮೇಲೆ ಬಿತ್ತು. ಟಪ್.

"ಅಯ್ಯೋ, ಉಪ್ಪು ನೀರು ಕಣೇ ಅದು!" ನಾಳೆಯಪ್ಪ ಅರಚಿದ. "ಮಣ್ಣಿಗೆ ಉಪ್ಪು ಸೇರಿದ್ರೆ ಮಣ್ಣೇ ಗಿಡದ ನೀರು ಕುಡಿದುಬಿಡುತ್ತೆ! ಬೆಳಿಗ್ಗೆ ಮೇಷ್ಟ್ರು ಹೇಳಿದ್ದು ಕೇಳಲಿಲ್ವಾ?"

"ಕೇಳ್ದೆನಲ್ಲ. ಚೆನ್ನಾಗಿ ಹೇಳ್ತಾರೆ ಮೇಷ್ಟ್ರು," ಎಂದಳು ಅವಳು, ಎರಡನೆಯ ಬಟ್ಟೆ ಕೊಡವುತ್ತ. "ಹಾಗಾದ್ರೆ ಟಬ್ಬುಗಳನ್ನ ನೀವೇ ಕೆಳಗೆ ಇಳಿಸಿ. ನಾನಂತೂ ಮುಟ್ಟೋ ಹಾಗಿಲ್ಲ."

"ಕೆಳಗೆ ಎಲ್ಲಿಡ್ಲಿ?"

"ಕುರ್ಚಿ ಖಾಲಿ ಇದೆ. ಕಪಾಟಿನ ಮೇಲೆ ಖಾಲಿ ಇದೆ. ಇವತ್ತಿನಿಂದ ಮನೆಯೆಲ್ಲ ಖಾಲೀನೇ."

"ನಾಳೆ..." ಎಂದು ಅವನು ಬಾಯಿ ತೆರೆದ. ಟಪ್ ಎಂದು ಇನ್ನೊಂದು ಹನಿ ಬಿತ್ತು. ಎದುರು ತಾರಸಿಯಿಂದ ಮೇಷ್ಟ್ರು ಕತ್ತು ಚಾಚಿ, "ಶುರುವಾಯ್ತು ನೋಡಿ ಟೈಲರೇ! ಬೇರಿನ ಕಡೆ ಗಮನ ಕೊಡಿ!" ಎಂದು ಸಂಭ್ರಮದಿಂದ ಕೂಗಿದರು. ನಾಳೆಯಪ್ಪ ಬಾಯಿ ಮುಚ್ಚಿಕೊಂಡು, ಬಗ್ಗಿ, ಮೊದಲನೆಯ ಟಬ್ಬನ್ನು ಎತ್ತಿಕೊಂಡ.

ಅಷ್ಟರಲ್ಲಿ ಪಕ್ಕದ ತಾರಸಿಯ ಗೋಡೆ ಮೇಲೆ ಬೇಕರಿಯವನ ಕೈ ಕಾಣಿಸಿತು. ಕೈಯಲ್ಲಿ ಬನ್ನು ಇತ್ತು.

ಬೆಣ್ಣೆ ಹಾಕಿದ್ದು.